ಶರಭ ಕಾಯ್ದ ಸೋಪು

ತರೀಕೆರೆ ಕಡೆಯ ನಮ್ಮೂರಿನಲ್ಲಿ ಅಪ್ಪನದು ದಿನಸಿ ಅಂಗಡಿ. ಗಲ್ಲದ ಹಿಂದೆ ಐದು ಹಲಗೆ. ಬೆಲ್ಲ, ಬೇಳೆ, ಬೆಂಕಿಪೊಟ್ಟಣ, ಬಾರ್ ಸೋಪು ಎಲ್ಲ ಕೈಗೆ ಎಟುಕುವ ಹಾಗೆ ಕೆಳಗೆ. ಮೈಸೂರು ಸ್ಯಾಂಡಲ್ ಮಾತ್ರ ಮೇಲಿನಿಂದ ಎರಡನೆಯ ಹಲಗೆಯಲ್ಲಿ, ದೇವರ ಪಟದ ಪಕ್ಕ. ದಿನಾ ಹೋಗುವ ಮಾಲಲ್ಲ ಅದು. ಮದುವೆ ಗೊತ್ತಾದ ಮನೆಯವರು ಅರ್ಧ ಡಜನ್ ಒಯ್ಯುತ್ತಿದ್ದರು, ಬಾಣಂತಿ ಮನೆಯವರು ಒಂದೊಂದು. ಉಳಿದವರು ಯುಗಾದಿಗೆ, ದೀಪಾವಳಿಗೆ. ಓದು ಬರಹ ಬಾರದ ಗಿರಾಕಿಗಳು ಬಂದು, "ಆ ಆನೆ ಮುಖದ ಸಿಂಹದ್ದು ಕೊಡಿ ಸಾವ್ಕಾರ್ರೇ" ಅನ್ನುತ್ತಿದ್ದರು. ಅಪ್ಪ ಸ್ಟೂಲು ಹತ್ತಿ, ಪೆಟ್ಟಿಗೆಯ ಧೂಳು ಒರೆಸಿ, ಎರಡೂ ಕೈಯಿಂದ ಕೊಡುತ್ತಿದ್ದ.

ಅಮ್ಮ ಖಾಲಿ ಪೆಟ್ಟಿಗೆಯನ್ನೂ ಬಿಸಾಡಿದವಳಲ್ಲ. ಸೀರೆಯ ಮಡಿಕೆಗಳ ನಡುವೆ ಇಡುತ್ತಿದ್ದಳು. ಅವಳ ಟ್ರಂಕು ತೆಗೆದರೆ ಮೊದಲು ನುಸಿಗುಳಿಗೆಯ ವಾಸನೆ, ಅದರ ಹಿಂದೆಯೇ ಮೆಲ್ಲಗೆ ಗಂಧ. ಅವಳು ಹೋಗಿ ಹನ್ನೊಂದು ವರ್ಷವಾಯಿತು. ಟ್ರಂಕು ನನ್ನ ಹತ್ತಿರ ಇದೆ, ಒಳಗೆ ಮೂರು ಪೆಟ್ಟಿಗೆ ಇನ್ನೂ ಇವೆ.

ಈ ಪೆಟ್ಟಿಗೆಯ ಚರಿತ್ರೆಯನ್ನು ನಾನು ಹುಡುಕಿಕೊಂಡು ಹೋದದ್ದು ಐವತ್ತು ದಾಟಿದ ಮೇಲೆ. ಅದೂ ನಾನೇ ಮಾಡಿದ ಒಂದು ವಸ್ತು ಕೈತಪ್ಪಿ ಹೋದ ನಂತರ.

ನಾನು ಸೀಗೆಪುಡಿ ಮಾಡಿ ಮಾರುವವಳು. ಸೀಗೆಕಾಯಿ, ಅಂಟುವಾಳ, ಮೆಂತ್ಯ, ನೆಲ್ಲಿಚೆಟ್ಟು, ಒಣಗಿಸಿದ ದಾಸವಾಳದ ಎಲೆ, ಎಲ್ಲವೂ ಅಮ್ಮನ ಅಳತೆ. ಪುಡಿ ಚೆನ್ನಾಗಿದೆ, ಆದರೆ ಕೂದಲಲ್ಲೇ ಉಳಿಯುತ್ತದೆ, ಎಷ್ಟು ನೀರು ಹೊಯ್ದರೂ ಹೋಗುವುದಿಲ್ಲ ಎಂದು ಬೆಂಗಳೂರಿನಲ್ಲಿರುವ ಅಕ್ಕನ ಮಕ್ಕಳು ದೂರುತ್ತಿದ್ದರು. ಒಂದು ಸ್ನಾನಕ್ಕೆ ಆಗುವಷ್ಟು ಪುಡಿಯನ್ನು ಸಣ್ಣ ಬಟ್ಟೆ ಚೀಲದಲ್ಲಿ ಹೊಲಿದರೆ? ಬಿಸಿನೀರಿನ ಚೊಂಬಿನಲ್ಲಿ ಅದ್ದಿ ಹಿಂಡಿದರೆ ನೊರೆ ಹೊರಗೆ, ಪುಡಿ ಒಳಗೆ. ಹೇಳಲು ಇಷ್ಟೇ, ಆದರೆ ಕೈಹಿಡಿಯಲು ಏಳು ತಿಂಗಳು ಬೇಕಾಯಿತು. ಮಲ್ಲು ಬಟ್ಟೆ ಒಂದು ಪದರ ಹಾಕಿದರೆ ಪುಡಿ ಜಿನುಗುತ್ತಿತ್ತು, ಎರಡು ಪದರ ಹಾಕಿದರೆ ನೊರೆಯೇ ಬರುತ್ತಿರಲಿಲ್ಲ. ಕಡೆಗೆ ತಪ್ಪು ಬಟ್ಟೆಯದಲ್ಲ, ಬೀಸುವುದರದ್ದು ಎಂದು ಗೊತ್ತಾಯಿತು. ಹಿಟ್ಟಿನಂತೆ ಬೀಸುವ ಬದಲು ಚಿರೋಟಿ ರವೆಯ ಹದಕ್ಕೆ ಒಡೆದಾಗ ಸರಿಹೋಯಿತು. ಪೊಟ್ಟಣದ ಮೇಲೆ ಪಕ್ಕದ ಮನೆಯ ಹುಡುಗಿ ಒಂದು ತಾವರೆ ಬರೆದುಕೊಟ್ಟಳು.

ಮೇಳವೊಂದರಲ್ಲಿ ಮಳಿಗೆ ಹಾಕಿದ್ದೆ. ಒಬ್ಬರು ಬಂದು ಬಹಳ ಮೆಚ್ಚಿ, ದೊಡ್ಡ ಆರ್ಡರ್ ಕೊಡುತ್ತೇನೆಂದು ಡಜನ್ ಸ್ಯಾಂಪಲ್ ಒಯ್ದರು. ಬಟ್ಟೆ ಎಲ್ಲಿಂದ ತರಿಸುತ್ತೀರಿ, ಎಷ್ಟು ದಪ್ಪ ಬೀಸುತ್ತೀರಿ ಎಂದೆಲ್ಲ ಕೇಳಿದರು, ನಾನು ಹೇಳಿದೆ. ಮೆಚ್ಚಿದವರ ಹತ್ತಿರ ಮುಚ್ಚಿಡುವುದು ನಮ್ಮ ಮನೆಯಲ್ಲಿ ಅಭ್ಯಾಸವಿಲ್ಲ. ನಾಲ್ಕು ತಿಂಗಳಿಗೆ ಅದೇ ಚೀಲ, ಅದೇ ತಾವರೆ, ಐದು ರೂಪಾಯಿ ಕಡಿಮೆಗೆ ಅಂಗಡಿಗಳಿಗೆ ಬಂತು. ಆವತ್ತು ರಾತ್ರಿ ಊಟ ಸೇರಲಿಲ್ಲ.

ಶಿವಮೊಗ್ಗದ ಒಬ್ಬ ವಕೀಲರ ಬಳಿ ಹೋದೆ. "ಹೆಸರು ರಿಜಿಸ್ಟರ್ ಮಾಡ್ಸಿದ್ರಾ?" ಇಲ್ಲ. "ಚೀಲದ ವಿನ್ಯಾಸ?" ಇಲ್ಲ. "ಮೇಳಕ್ಕೆ ಮುಂಚೆ ಯಾವುದಾದ್ರೂ ಅರ್ಜಿ?" ಇಲ್ಲ. ಅವರು ತಾಳ್ಮೆಯಿಂದ ತಿಳಿಸಿಕೊಟ್ಟರು. ಸೀಗೆಪುಡಿಯ ಅಳತೆಗೆ ಪೇಟೆಂಟ್ ಸಿಗುವುದಿಲ್ಲ. ತಲೆಮಾರುಗಳಿಂದ ಬಂದ ತಿಳಿವಳಿಕೆ ಯಾರೊಬ್ಬರ ಶೋಧವೂ ಅಲ್ಲ ಎಂದು ನಮ್ಮ ಪೇಟೆಂಟ್ ಕಾಯಿದೆಯೇ ಹೇಳುತ್ತದೆ. ಅರಿಶಿನದಿಂದ ಗಾಯ ಮಾಯುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟನ್ನು ನಮ್ಮ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿದ್ದು ಇದೇ ನ್ಯಾಯದ ಮೇಲೆ. ಚೀಲದಲ್ಲಿ ಹೊಸತನ ಇದ್ದಿರಬಹುದು, ಆದರೆ ಅರ್ಜಿ ಹಾಕುವ ಮೊದಲೇ ನಾನು ಊರಿಗೆಲ್ಲ ತೋರಿಸಿಬಿಟ್ಟಿದ್ದೆ. ಹಾಗೆ ತೋರಿಸಿದ ಮೇಲೆ ಕಾನೂನಿನ ಕಣ್ಣಿಗೆ ಅದು ಹೊಸದಾಗಿ ಉಳಿಯುವುದು ಕಷ್ಟ. "ಬರೀ ಯೋಚನೆಗೆ ಬೇಲಿ ಹಾಕೋಕಾಗಲ್ಲಮ್ಮ. ಅದು ಒಂದು ಆಕಾರ, ಒಂದು ಹೆಸರು, ಒಂದು ಗುರುತು ಅಂತ ಆಗ್ಬೇಕು. ನಿಮ್ಮಪ್ಪ ಮಾರ್ತಿದ್ದ ಗಂಧದ ಸೋಪನ್ನೇ ನೋಡಿ," ಎಂದರು.

ಮನೆಗೆ ಬಂದು ಟ್ರಂಕು ತೆಗೆದು ಆ ಪೆಟ್ಟಿಗೆಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತೆ.

ಕತೆ ಸೋಪಿನಿಂದ ಶುರುವಾಗುವುದಿಲ್ಲ, ಮಾರಾಟವಾಗದೆ ಬಿದ್ದ ಕೊರಡಿನಿಂದ ಶುರುವಾಗುತ್ತದೆ. ನನ್ನ ತಾತ ಹರೆಯದಲ್ಲಿ ಶಿವಮೊಗ್ಗದ ಗಂಧದ ಕೋಠಿಗೆ ಗಾಡಿ ಹೊಡೆದವನು. ಗಂಧದ ಮರವನ್ನು ಕಡಿಯುವುದಿಲ್ಲ, ಬೇರುಸಮೇತ ಅಗೆದು ಕೆಡವುತ್ತಾರೆ, ಏಕೆಂದರೆ ಎಣ್ಣೆ ಚೇಗಿನಲ್ಲಿರುವ ಹಾಗೆ ಬೇರಿನಲ್ಲೂ ಇದೆ. ಹೊರಗಿನ ಬಿಳಿ ಭಾಗ ಕೆತ್ತಿ ತೆಗೆದು, ಚೇಗನ್ನು ತೂಗಿ, ದರ್ಜೆ ಮಾಡಿ ಜೋಡಿಸುವುದು ಕೋಠಿಯ ಕೆಲಸ. ಆ ದರ್ಜೆಗಳ ಹೆಸರನ್ನು ತಾತ ಮಗ್ಗಿಯ ಹಾಗೆ ಹೇಳುತ್ತಿದ್ದ: ವಿಲಾಯತ್ ಬುದ್, ಚೀನಾ ಬುದ್, ಪಂಜಂ. ಕೆಳಗೆ ಇಳಿಯುತ್ತಾ ಬೇರು, ಚಿಲ್ತಾ, ಬುಕ್ನಿ, ಕಡೆಗೆ ಗರಗಸದ ಹುಡಿಗೂ ಒಂದು ದರ್ಜೆ, ಒಂದು ಬೆಲೆ. ಚಿಕ್ಕವಳಿದ್ದಾಗ ಅವು ನನಗೆ ಬರೀ ಶಬ್ದ. ಈಗ ಆ ಹೆಸರುಗಳಲ್ಲಿ ಒಂದು ನಕಾಶೆ ಕಾಣುತ್ತದೆ: ಒಳ್ಳೆಯ ತುಂಡು ವಿಲಾಯತಿಗೆ, ಅದಕ್ಕೂ ಕೆಳಗಿನದು ಚೀನಾಕ್ಕೆ. ಮರ ನಮ್ಮದು, ಬೆವರು ನಮ್ಮದು, ದರ್ಜೆಯ ಹೆಸರು ಮಾತ್ರ ಕೊಳ್ಳುವವರ ದೇಶದ್ದು.

ಹೀಗೆ ಹರಾಜಾದ ಮೈಸೂರಿನ ಗಂಧಕ್ಕೆ ಯುರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿ, ದೊಡ್ಡ ಗಿರಾಕಿಗಳಿದ್ದರು. ಕೊರಡು ಹಡಗು ಹತ್ತಿ ಹೋಗುತ್ತಿತ್ತು, ಅಲ್ಲಿ ಅದನ್ನು ಬಟ್ಟಿ ಇಳಿಸಿ ಎಣ್ಣೆ ಮಾಡುತ್ತಿದ್ದರು. ಆ ಎಣ್ಣೆ ಅತ್ತರಿಗೂ ಬೇಕು, ಆ ಕಾಲಕ್ಕೆ ಔಷಧಿಗೂ ಬೇಕು. ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಗಂಧ ಒಂದು ಮುಖ್ಯ ಆದಾಯ. 1914ರಲ್ಲಿ ಮಹಾಯುದ್ಧ ಬಂತು. ಜರ್ಮನಿ ಶತ್ರು ದೇಶವಾಯಿತು, ಹಡಗು ನಿಂತವು, ಕೋಠಿಗಳಲ್ಲಿ ಕೊರಡು ರಾಶಿ ಬಿತ್ತು.

ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ, ಸಿಂಹಾಸನದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ಕೈಗಾರಿಕಾ ಇಲಾಖೆಯ ಮುಖ್ಯಸ್ಥ ಆಲ್ಫ್ರೆಡ್ ಚಾಟರ್ಟನ್. ಕೊಳ್ಳುವವರು ಬರುವವರೆಗೆ ಕಾಯೋಣ ಎಂದು ಅವರು ಕೂರಲಿಲ್ಲ. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಡ್‌ಬರೋ ಮತ್ತು ವಾಟ್ಸನ್ ಅವರಿಗೆ ಎಣ್ಣೆ ತೆಗೆಯುವ ಪ್ರಯೋಗ ಒಪ್ಪಿಸಿದರು. ಚೇಗನ್ನು ಹುಡಿ ಮಾಡಿ, ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ನೂರು ಕೆ.ಜಿ. ಒಳ್ಳೆಯ ಚೇಗಿಗೆ ನಾಲ್ಕೈದು ಕೆ.ಜಿ. ಎಣ್ಣೆ, ಅದೂ ಅವಸರ ಮಾಡದೆ, ಹಬೆಯನ್ನು ಬಹಳ ಹೊತ್ತು ಬಿಟ್ಟರೆ ಮಾತ್ರ. 1916ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೊದಲ ಎಣ್ಣೆ ಇಳಿಯಿತು. ಜನ ಅದನ್ನು ದ್ರವರೂಪದ ಚಿನ್ನ ಎಂದು ಕರೆದರು. ಮರುವರ್ಷ ಮೈಸೂರಿನಲ್ಲೂ ಕಾರ್ಖಾನೆ ಬಂತು. ಶಿವಮೊಗ್ಗಕ್ಕೆ ಬರಲು 1944ರವರೆಗೆ ಕಾಯಬೇಕಾಯಿತು.

ಹೊಸದನ್ನು ಯೋಚಿಸುವುದು ಎಂದರೆ ಏನೆಂದು ನನಗೆ ಅರ್ಥವಾದದ್ದು ಈ ಎರಡು ವರ್ಷದ ಕತೆಯಿಂದ. ಗಂಧದ ಎಣ್ಣೆ ಹೊಸದಲ್ಲ. ಕನೌಜಿನಲ್ಲಿ ಅತ್ತರು ಮಾಡುವವರು ಎಷ್ಟೋ ಕಾಲದಿಂದ ಬಟ್ಟಿ ಇಳಿಸುತ್ತಿದ್ದರು. ಹೊಸದು ಯಾವುದೆಂದರೆ, ಕೊರಡು ಮಾರುವ ಸಂಸ್ಥಾನ ಎಣ್ಣೆ ಮಾರುವ ಸಂಸ್ಥಾನವಾದದ್ದು. ಆಮೇಲೆ ಅಲ್ಲಿಗೂ ನಿಲ್ಲದೆ ಇನ್ನೊಂದು ಮೆಟ್ಟಿಲು ಹತ್ತಿದ್ದು.

ಆ ಮೆಟ್ಟಿಲೇ ಸೋಪು. 1918ರಲ್ಲಿ ವಿದೇಶದಿಂದ ಬಂದ ಅತಿಥಿಗಳು ಗಂಧದೆಣ್ಣೆ ಹಾಕಿ ಮಾಡಿದ ಸೋಪನ್ನು ಮಹಾರಾಜರಿಗೆ ಕಾಣಿಕೆ ಕೊಟ್ಟರು, ನಮ್ಮ ಎಣ್ಣೆಯ ಸೋಪನ್ನು ನಾವೇ ಯಾಕೆ ಮಾಡಬಾರದೆಂದು ಅವರಿಗೆ ಹೊಳೆಯಿತು ಎಂಬ ಕತೆಯನ್ನು ಎಲ್ಲರೂ ಹೇಳುತ್ತಾರೆ. ಹೊಳೆದದ್ದು ಅರಮನೆಯಲ್ಲಿ ಇರಬಹುದು. ಅದು ಕೈಗೆ ಸಿಗುವ ವಸ್ತುವಾದದ್ದು ಸೋಸಲೆ ಗರಳಪುರಿ ಶಾಸ್ತ್ರಿಗಳಿಂದ. ಕಾವೇರಿ ದಂಡೆಯ ಸೋಸಲೆಯ ಹೆಸರು ಹೊತ್ತ ಈ ರಸಾಯನಶಾಸ್ತ್ರಜ್ಞರನ್ನು ಸೋಪು ಮತ್ತು ಸುಗಂಧದ ತಂತ್ರ ಕಲಿಯಲು ಸಂಸ್ಥಾನ ಇಂಗ್ಲೆಂಡಿಗೆ ಕಳಿಸಿತು. ಹಿಂದಿರುಗಿದ ಮೇಲೆ ಅವರು ಮಾಡಿದ ಕೆಲಸಕ್ಕೆ ಊರು ಕೊಟ್ಟ ಬಿರುದು "ಸೋಪ್ ಶಾಸ್ತ್ರಿ".

ಅವರ ಮುಂದಿದ್ದ ತೊಂದರೆಯನ್ನು ನಾನು ಬಲ್ಲೆ, ನನ್ನ ಚೀಲಕ್ಕೂ ಅಂಥದೇ ಏಳು ತಿಂಗಳು ಹಿಡಿದಿತ್ತು. ಸೋಪಿನಲ್ಲಿ ಕ್ಷಾರ ಇರುತ್ತದೆ, ಬಿಸಿ ಇರುತ್ತದೆ, ಕಂಪು ಬೇಗ ಹಾರುತ್ತದೆ. ಗಂಧದೆಣ್ಣೆಯ ಗುಣವೇ ನಿಧಾನ, ಅದು ಕೊನೆಯವರೆಗೆ ನಿಲ್ಲುತ್ತದೆ. ಆದರೆ ಪೆಟ್ಟಿಗೆ ತೆರೆದ ಕ್ಷಣಕ್ಕೆ ಮೂಗಿಗೆ ಬಂದು ತಾಗುವುದು ಬೇರೆ ಎಣ್ಣೆಗಳ ಕೆಲಸ. ಅದಕ್ಕೆ ಗಂಧದ ಜೊತೆ ಪಚೌಲಿ, ಲಾವಂಚ, ಕಿತ್ತಳೆ, ಜೆರೇನಿಯಂ, ಪಾಮರೋಸಾ ಇವುಗಳನ್ನೂ ಕೂಡಿಸಿದರು. ಮೈಗೆ ಹಚ್ಚಿದಾಗ ಒಂದು ಪರಿಮಳ, ತೊಳೆದ ಮೇಲೆ ಚರ್ಮದಲ್ಲಿ ಉಳಿಯುವುದು ಇನ್ನೊಂದು. ಸ್ನಾನ ಮಾಡಿ ಬಂದ ಅಮ್ಮನ ಕೈ ಹಿಡಿದರೆ ಬರುತ್ತಿದ್ದುದು ಈ ಎರಡನೆಯದು. ಯಾವ ಎಣ್ಣೆ ಎಷ್ಟು ಎಂಬ ಅಳತೆ ಪೆಟ್ಟಿಗೆಯ ಮೇಲೆ ಎಲ್ಲೂ ಇಲ್ಲ. ಪೇಟೆಂಟ್ ಪಡೆದಿದ್ದರೆ ಆ ಅಳತೆಯನ್ನು ಬರೆದುಕೊಡಬೇಕಿತ್ತು, ಅವಧಿ ಮುಗಿದ ಮೇಲೆ ಅದು ಊರ ಸೊತ್ತಾಗುತ್ತಿತ್ತು. ಹೇಳದೆ ಇಟ್ಟುಕೊಂಡ ಅಳತೆಗೆ ಅವಧಿಯೇ ಇಲ್ಲ. ಮೇಳದಲ್ಲಿ ನಿಂತು ರವೆಯ ಹದದ ಗುಟ್ಟನ್ನು ಬಿಟ್ಟುಕೊಟ್ಟ ನನಗೆ ಇದು ತಡವಾಗಿ ಸಿಕ್ಕ ಪಾಠ.

ಇನ್ನು ಆಕಾರ. ಆ ಕಾಲಕ್ಕೆ ಸೋಪು ಎಂದರೆ ಇಟ್ಟಿಗೆಯಂಥ ಚೌಕ ತುಂಡು. ಶಾಸ್ತ್ರಿಗಳು ಅಂಡಾಕಾರ ಆರಿಸಿದರು. ಕೈಮುಷ್ಟಿಯಲ್ಲಿ ಕೂರುತ್ತದೆ ಎಂಬುದು ಒಂದು ಲಾಭ. ಕಣ್ಣು ಮುಚ್ಚಿ ಮುಟ್ಟಿದರೂ ಇದು ಇನ್ನೊಂದಲ್ಲ ಎಂದು ತಿಳಿಯುತ್ತದೆ ಎಂಬುದು ಅದಕ್ಕಿಂತ ದೊಡ್ಡದು. ಸೋಪನ್ನು ನಯವಾದ ಬಿಳಿ ಕಾಗದದಲ್ಲಿ ಸುತ್ತಿದರು. ಬಂಗಾರದ ಅಂಗಡಿಯವರು ಒಡವೆ ಸುತ್ತುವಂಥ ಕಾಗದ ಅದು. ಪೆಟ್ಟಿಗೆಯೂ ಒಡವೆಯ ಕರಡಿಗೆಯ ಹಾಗೆ, ಮೇಲೆ ಹೂಬಳ್ಳಿಯ ಚಿತ್ತಾರ. ಅಪ್ಪ ಎರಡೂ ಕೈಯಿಂದ ಕೊಡುತ್ತಿದ್ದುದಕ್ಕೆ ಕಾರಣ ಈ ಪೆಟ್ಟಿಗೆಯೇ ಇರಬೇಕು. ಇಟ್ಟಿಗೆ ಸೋಪನ್ನು ಯಾರೂ ಹಾಗೆ ಕೊಡುವುದಿಲ್ಲ.

ಗುರುತಿಗೆ ಶರಭ. ಸಿಂಹದ ಮೈ, ಆನೆಯ ತಲೆ. ಬುದ್ಧಿ, ಬಲ, ಧೈರ್ಯ ಮೂರನ್ನೂ ಅದು ಸೂಚಿಸುತ್ತದೆ ಎಂದು ಹೇಳುತ್ತಾರೆ. ಮೈಸೂರಿನ ರಾಜಲಾಂಛನದಲ್ಲಿ ಗಂಡಭೇರುಂಡದ ಎರಡು ಪಕ್ಕದಲ್ಲಿ ನಿಂತು ಕಾಯುವುದೂ ಇಂಥ ಪ್ರಾಣಿಯೇ. ಶಾಸ್ತ್ರಿಗಳ ಆಯ್ಕೆಯಲ್ಲಿ ನಾನು ಮೆಚ್ಚುವುದು ಇದನ್ನು. ಅಕ್ಷರ ಬಾರದ ಊರಿಗೆ ಅಕ್ಷರದ ಗುರುತು ಕೊಟ್ಟು ಏನು ಬಂತು? ನಮ್ಮೂರ ಗಿರಾಕಿಗೆ ಹೆಸರು ಓದಲು ಬರದಿದ್ದರೂ ಆನೆ ಮುಖದ ಸಿಂಹ ಗೊತ್ತಿತ್ತು. ಕರಾಚಿಯಲ್ಲಿ ಈ ಸೋಪಿನ ಪ್ರಚಾರಕ್ಕೆ ಒಂಟೆಗಳ ಮೆರವಣಿಗೆ ಮಾಡಿದ್ದರಂತೆ. ಟ್ರಾಮ್ ಟಿಕೆಟ್ಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಪೆಟ್ಟಿಗೆಯ ಚಿತ್ರ ಅಚ್ಚು ಹಾಕಿಸಿದ್ದರು. ಕರಾಚಿಯವನಿಗೆ ಕನ್ನಡ ಬಾರದು, ಆದರೂ ಚಿತ್ರ ಮನಸ್ಸಿನಲ್ಲಿ ಕೂರುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಸೋಪು ಹುಟ್ಟಿದಾಗ ಅದರ ಹೆಸರನ್ನು ಬರೆಸಿಡಲು ಬ್ರಿಟಿಷ್ ಇಂಡಿಯಾದಲ್ಲಿ ಟ್ರೇಡ್‌ಮಾರ್ಕ್ ರಿಜಿಸ್ಟರ್ ಇರಲೇ ಇಲ್ಲ. ನೋಂದಣಿಯ ಕಾಯಿದೆ ಬಂದದ್ದು 1940ರಲ್ಲಿ. ಸುಳ್ಳು ಗುರುತು ಹಾಕಿ ಮಾಲು ಮಾರುವುದನ್ನು ಶಿಕ್ಷಿಸುವ 1889ರ ಕಾಯಿದೆ ಇತ್ತು. ನನ್ನ ಮಾಲೆಂದು ಅವನ ಮಾಲು ಮಾರಿದ ಎಂದು ಕೋರ್ಟಿಗೆ ಹೋಗುವ ದಾರಿಯೂ ಇತ್ತು. ಆದರೆ ಹಾಗೆ ಹೋದವರು ಜನ ನನ್ನನ್ನು ಯಾವುದರಿಂದ ಗುರುತಿಸುತ್ತಾರೆ ಎಂಬುದನ್ನು ಮೊದಲು ಸಾಬೀತು ಮಾಡಬೇಕು. ಅಂಡಾಕಾರ, ಕರಡಿಗೆ, ಶರಭ, ಕಂಪು ಎಲ್ಲವೂ ಆ ಸಾಕ್ಷಿಯೇ. ರಿಜಿಸ್ಟರ್ ಇಲ್ಲದ ಇಪ್ಪತ್ತೆರಡು ವರ್ಷ ಆ ಸೋಪನ್ನು ಹೊರಗಿನ ಪೇಟೆಗಳಲ್ಲಿ ಕಾಯ್ದದ್ದು ಅದರ ಮೈಮೇಲಿನ ಗುರುತುಗಳು.

ಪೇಟೆಂಟಿನ ಕಾನೂನು ಮಾತ್ರ ನಮ್ಮಲ್ಲಿ ಅದಕ್ಕಿಂತ ಹಳೆಯದು. 1856ರಲ್ಲಿ ಮೊದಲ ಕಾಯಿದೆ ಬಂದಾಗ ಮೊದಲ ಹಕ್ಕು ಪಡೆದವರು ಕಲ್ಕತ್ತೆಯ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್. ಅವರ ವಸ್ತು, ಪಂಕ ಎಳೆಯುವ ಯಂತ್ರ. ಹದಿನಾಲ್ಕು ವರ್ಷದ ಹಕ್ಕು. ಈ ದೇಶದಲ್ಲಿ ಕಾಗದದ ಮೇಲೆ ರಕ್ಷಣೆ ಪಡೆದ ಮೊದಲ ಶೋಧ ಸೆಕೆಗೆ ಗಾಳಿ ಬೀಸುವ ಒಂದು ಮನೆವಸ್ತುವಾಗಿತ್ತು ಎಂಬುದು ನನ್ನಂಥವಳಿಗೆ ಧೈರ್ಯ ಕೊಡುವ ಸಂಗತಿ.

ರಕ್ಷಣೆ ಇಲ್ಲದೆಯೂ ಬೆಳೆದವು ಇವೆ, ಅದನ್ನೂ ಹೇಳಬೇಕು. ರವೆ ಇಡ್ಲಿಯನ್ನು ನೋಡಿ. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿನ ಅಕ್ಕಿ ನಿಂತಿತು. ಅಕ್ಕಿಯ ಅಭಾವದ ಆ ಯುದ್ಧಕಾಲದಲ್ಲಿ ರವೆಯಿಂದ ಇಡ್ಲಿ ಮಾಡಿದ್ದು ತಾವೇ ಎಂದು ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರು ಅಣ್ಣತಮ್ಮಂದಿರ ಜೊತೆ 1924ರಲ್ಲಿ ಶುರು ಮಾಡಿದ ಹೋಟೆಲು ಅದು. ಆ ಇಡ್ಲಿ ಇವತ್ತು ಪ್ರತಿ ದರ್ಶಿನಿಯಲ್ಲಿದೆ, ಪ್ರತಿ ಮನೆಯಲ್ಲಿದೆ. ಯಾರೂ ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ, ಹಾಗೆ ಆಗಿದ್ದೇ ಒಳ್ಳೆಯದು. ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ಬೆಲೆಗೆ ಮಿತಿ ಬಿದ್ದು ಹೋಟೆಲು ನಡೆಸುವುದು ಕಷ್ಟವಾದಾಗ ಅವರು ಮಿಶ್ರಣದ ಪೊಟ್ಟಣಗಳನ್ನು ಮಾರಲು ಹೊರಟರು. ಇಡ್ಲಿ ಯಾರು ಬೇಕಾದರೂ ಮಾಡಬಹುದು, ಪೊಟ್ಟಣದ ಮೇಲಿನ ಮೂರಕ್ಷರ ಮಾತ್ರ ಅವರದು. 2007ರಲ್ಲಿ ಆ ಪೊಟ್ಟಣಗಳ ವ್ಯವಹಾರವನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಮನೆಯವರ ಬಳಿಯೇ ಉಳಿಯಿತು. ಊಟದ ವಿಷಯದಲ್ಲಿ ನನಗೆ ಈ ಏರ್ಪಾಡು ಸರಿ ಅನ್ನಿಸುತ್ತದೆ: ರುಚಿ ಎಲ್ಲರದು, ಹೆಸರು ದುಡಿದವರದು.

ಮತ್ತೆ ಸೋಪಿಗೆ ಬರುತ್ತೇನೆ. ಸಂಸ್ಥಾನ ಹೋಗಿ ರಾಜ್ಯ ಬಂತು. ಸೋಪಿನ ಕಾರ್ಖಾನೆಯನ್ನೂ ಮೈಸೂರು, ಶಿವಮೊಗ್ಗದ ಎಣ್ಣೆ ಕಾರ್ಖಾನೆಗಳನ್ನೂ ಸೇರಿಸಿ 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿ ಮಾಡಿದರು. ಊರಿನ ಹೆಸರಿಗೆ ರಕ್ಷಣೆ ಕೊಡುವ ಕಾಯಿದೆ 1999ರಲ್ಲಿ ಆಗಿ, 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಮರುವರ್ಷ ಡಾರ್ಜಿಲಿಂಗ್ ಚಹಾ ಮೊದಲನೆಯದಾಗಿ ಭೌಗೋಳಿಕ ಗುರುತು ಪಡೆಯಿತು. 2006ರಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೂ ಸಿಕ್ಕಿತು. ಶ್ರೀಗಂಧದ ತವರಿನಿಂದ ಬಂದದ್ದು ಎಂದು ಮೊದಲಿನಿಂದ ಹೇಳಿಕೊಂಡು ಬಂದ ಮಾತಿಗೆ ಕಾನೂನಿನ ಮುದ್ರೆ ಬಿದ್ದಂತಾಯಿತು.

ಇಷ್ಟಾದರೂ ನಕಲು ನಿಲ್ಲಲಿಲ್ಲ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಮಾಡುತ್ತಿದ್ದ ಜಾಲವನ್ನು ಹಿಡಿದರು. ಸುದ್ದಿ ಓದಿದಾಗ ಅಪ್ಪನ ನೆನಪಾಯಿತು. ಅಂಗಡಿಗೆ ಹೊಸ ಡೀಲರು ಮಾಲು ತಂದರೆ ಅಪ್ಪ ಬಿಲ್ಲು ನೋಡುವ ಮೊದಲು ಒಂದು ಪೆಟ್ಟಿಗೆ ತೆಗೆದು ಮೂಸುತ್ತಿರಲಿಲ್ಲ, ಗಲ್ಲದ ಒಳಗೆ ರಾತ್ರಿಯಿಡೀ ಇಟ್ಟುಬಿಡುತ್ತಿದ್ದ. ಬೆಳಿಗ್ಗೆ ಗಲ್ಲ ತೆಗೆದಾಗ ನೋಟುಗಳಿಗೆ ಕಂಪು ಹತ್ತಿರಬೇಕು. "ಸುಳ್ಳು ಗಂಧ ಸಂಜೆ ಜೋರಾಗಿರ್ತದೆ, ಬೆಳಿಗ್ಗೆ ಇರಲ್ಲ," ಅನ್ನುತ್ತಿದ್ದ. ಗಂಧದೆಣ್ಣೆಯಲ್ಲಿ ಸ್ಯಾಂಟಲಾಲ್ ಎಂಬ ಅಂಶವಿದೆ, ಒಳ್ಳೆಯ ಎಣ್ಣೆಯಲ್ಲಿ ಅದು ಶೇ. 90ರಷ್ಟು ಇರಬೇಕು, ಅದು ನಿಧಾನವಾಗಿ ಆರುತ್ತದೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಮನಸ್ಸಿಗೆ ಭಾರವಾಗುವ ಭಾಗ ಇನ್ನು ಮುಂದಿನದು. ಹೆಸರನ್ನು ಇಷ್ಟು ಜತನದಿಂದ ಕಾಯ್ದ ನಾಡು ಮರವನ್ನು ಕಾಯುವುದರಲ್ಲಿ ಸೋತಿತು. ಅಲಕ್ಷ್ಯ ಮಾಡಿ ಸೋತದ್ದಲ್ಲ, ಅತಿ ಕಾವಲು ಹಾಕಿ ಸೋತದ್ದು. 1792ರಲ್ಲಿ ಟಿಪ್ಪು ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷ ಎಂದು ಸಾರಿದ. ಅಂದಿನಿಂದ ಮರ ಯಾರ ಜಮೀನಿನಲ್ಲಿ ಹುಟ್ಟಿದರೂ ಸರ್ಕಾರದ್ದು. ಒಡೆಯರು ಬಂದರೂ, ಬ್ರಿಟಿಷರು ಬಂದರೂ, ಸ್ವಾತಂತ್ರ್ಯ ಬಂದರೂ ಈ ಪದ್ಧತಿ ಹೋಗಲಿಲ್ಲ. ನೆಲ ನಿನ್ನದು, ನೀರು ನಿನ್ನದು, ಮರ ನಿನ್ನದಲ್ಲ. ಕಳುವಾದರೆ ಮಾತ್ರ ಮೊದಲ ಪ್ರಶ್ನೆ ನಿನಗೆ.

ನನಗೆ ಏಳೆಂಟು ವರ್ಷವಿರಬೇಕು. ಹಿತ್ತಲಿನ ಬೇಲಿ ಸಾಲಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಒಂದು ಗಂಧದ ಸಸಿ ಎದ್ದಿತ್ತು, ಗೇಣು ಎತ್ತರ, ಎಲೆ ಮಿರಿಮಿರಿ. ತಾತ ಬೆಳಿಗ್ಗೆ ಹಲ್ಲುಜ್ಜಲು ಹೋದವನು ಅದನ್ನು ಕಂಡ. ಕೂತುಕೊಂಡು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬುಡಕ್ಕೆ ಕೈಹಾಕಿ, ಮಣ್ಣು ಸಡಿಲಿಸಿ, ಬೇರು ತುಂಡಾಗದ ಹಾಗೆ ಕಿತ್ತು ಒಲೆಯ ಹತ್ತಿರ ತಂದಿಟ್ಟ. ಯಾಕೆ ಎಂದು ಕೇಳಿದೆ. "ದೊಡ್ಡದಾದ್ರೆ ನಂಬರು ಬೀಳ್ತದೆ ಮಗಾ, ಆಮೇಲೆ ನಾವು ಅದಕ್ಕೆ ಕಾವಲುಗಾರರು," ಎಂದ. ಹರೆಯವೆಲ್ಲ ಗಂಧ ಸಾಗಿಸಿದ, ಎಲ್ಲ ದರ್ಜೆಗಳನ್ನೂ ಬಾಯಿಪಾಠ ಬಲ್ಲ ಮನುಷ್ಯ ಅವನು. ಅಂಥವನ ಕೈಯಲ್ಲೇ ಆ ಸಸಿ ಹೋಯಿತು. ಆ ದಿನ ಮಲೆನಾಡಿನಲ್ಲಿ, ಬಯಲುಸೀಮೆಯಲ್ಲಿ ಎಷ್ಟು ಹಿತ್ತಲುಗಳಲ್ಲಿ ಎಷ್ಟು ಕೈಗಳು ಇದೇ ಕೆಲಸ ಮಾಡಿರಬಹುದು ಎಂದು ಈಗ ಯೋಚಿಸುತ್ತೇನೆ.

ಕಾಡಿನ ಮರಕ್ಕೆ ಬೇರೆ ಕಾಟ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಸ್ಪೈಕ್ ರೋಗ ಎಲೆಯನ್ನು ಮೊಳೆಯಂತೆ ಸಣ್ಣಗೆ ಮಾಡಿ ಮರವನ್ನು ಒಣಗಿಸುತ್ತದೆ. ಉಳಿದದ್ದನ್ನು ಕಳ್ಳರು ಒಯ್ದರು. ವೀರಪ್ಪನ್ ಹೆಸರು ಎಲ್ಲರಿಗೂ ಗೊತ್ತು, ಹೆಸರಿಲ್ಲದವರು ಎಷ್ಟೋ ಜನ. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ನಮ್ಮ ಶ್ರೀಗಂಧವನ್ನು ಅಪಾಯದ ಅಂಚಿಗೆ ಬಂದ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಅತ್ತ ಪಶ್ಚಿಮ ಆಸ್ಟ್ರೇಲಿಯಾದ ಕುನುನರ್ರಾದಲ್ಲಿ ನಮ್ಮದೇ ಜಾತಿಯ ಗಂಧವನ್ನು ಸಾಲುಸಾಲಾಗಿ ನೆಟ್ಟು, ನೀರು ಹಾಯಿಸಿ ಬೆಳೆದರು. ಮರ ನೆಟ್ಟವನಿಗೆ ಮರ ಸಿಗುತ್ತದೆ ಎಂಬ ಭರವಸೆ ಅಲ್ಲಿತ್ತು, ಇಲ್ಲಿರಲಿಲ್ಲ.

ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾದದ್ದು 2001ರಲ್ಲಿ. ಆಮೇಲೆ ಜಮೀನಿನಲ್ಲಿರುವ ಗಂಧದ ಮರ ಜಮೀನಿನವರದೇ. ಕಡಿಯಲು ಅನುಮತಿ ಬೇಕು, ಆದರೆ ಮರ ನಮ್ಮದು. ಟಿಪ್ಪುವಿನ ಆಜ್ಞೆಯಾಗಿ 209 ವರ್ಷದ ಮೇಲೆ ಬಂದ ಈ ಬದಲಾವಣೆಯ ವಿಷಯ ತಾತನಿಗೆ ತಿಳಿಯಲಿಲ್ಲ, ಅವನು ಅಷ್ಟರಲ್ಲಿ ಹೋಗಿದ್ದ. ನಮ್ಮ ಕಡೆ ಎಷ್ಟೋ ರೈತರಿಗೆ ಇವತ್ತಿಗೂ ತಿಳಿದಿಲ್ಲ. ಹಳೆಯ ಭಯದಲ್ಲಿ ಇನ್ನೂ ಕೀಳುವವರನ್ನು ನಾನು ಕಂಡಿದ್ದೇನೆ.

ನನ್ನ ಸೀಗೆ ಚೀಲದ ವಿಷಯ ಹೇಳಿ ಮುಗಿಸುತ್ತೇನೆ. ಆ ಮೊದಲ ಚೀಲ ಹೋಯಿತು, ಅದಕ್ಕಾಗಿ ಕೋರ್ಟು ಹತ್ತಲಿಲ್ಲ. ಅಮ್ಮನ ಹೆಸರನ್ನೇ ಗುರುತಾಗಿ ಮಾಡಿಕೊಂಡು, ಸೋಪು ಸೀಗೆಪುಡಿಗಳು ಬರುವ ಮೂರನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದೆ. ಒಬ್ಬರೇ ನಡೆಸುವ ಸಣ್ಣ ವ್ಯಾಪಾರಕ್ಕೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ಹತ್ತು ವರ್ಷಕ್ಕೊಮ್ಮೆ ನವೀಕರಣ. ತಾವರೆ ತೆಗೆದು ಅಮ್ಮನ ಟ್ರಂಕಿನ ಚಿತ್ರ ಬರೆಸಿದೆ. ಓದಲು ಬಾರದವರು ಈಗ "ಪೆಟ್ಟಿಗೆ ಸೀಗೆಪುಡಿ" ಎಂದು ಕೇಳುತ್ತಾರೆ. ಬೀಸುವ ಹದವನ್ನು ಈಗ ಯಾರಿಗೂ ಹೇಳುವುದಿಲ್ಲ, ಇಲ್ಲಿ ಬರೆದದ್ದಕ್ಕಿಂತ ಅದು ಬಹಳ ಮುಂದೆ ಹೋಗಿದೆ. ಹೊಸದೇನಾದರೂ ಮಾಡುತ್ತಿರುವ ಹೆಣ್ಣುಮಕ್ಕಳು ನನ್ನಲ್ಲಿಗೆ ಬಂದರೆ, ಮೇಳಕ್ಕೆ ಹೋಗುವ ಮುಂಚೆ ಅರ್ಜಿ ಹಾಕಿ, ಸ್ಯಾಂಪಲ್ ಕೊಡುವ ಮುಂಚೆ ಒಂದು ಹಾಳೆಯಲ್ಲಿ ಸಹಿ ತಗೊಳ್ಳಿ ಎಂದು ಹೇಳಿ ಕಳಿಸುತ್ತೇನೆ.

ತಾತ ಸಸಿ ಕಿತ್ತ ಜಾಗದಲ್ಲಿ ಈಗ ಮೂರು ಗಂಧದ ಗಿಡಗಳಿವೆ, ಹಾಕಿ ಆರು ವರ್ಷವಾಯಿತು. ಗಂಧ ತನ್ನೊಂದೇ ಬೇರಿನಿಂದ ಬದುಕುವ ಗಿಡವಲ್ಲ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿ ಆಹಾರ ಪಡೆಯುತ್ತದೆ. ಅದಕ್ಕೆ ಎಳೆಯದರಲ್ಲಿ ಜೊತೆಗೆ ತೊಗರಿ ಹಾಕಿದ್ದೆ. ಚೇಗು ಕೂಡಲು ಇನ್ನೂ ವರ್ಷಗಳು ಬೇಕು. ನಿಮ್ಮ ಬದುವಿನಲ್ಲಿ, ಹಿತ್ತಲಿನಲ್ಲಿ ಹಕ್ಕಿ ಹಾಕಿದ ಗಂಧದ ಸಸಿ ಎದ್ದಿದ್ದರೆ ದಯವಿಟ್ಟು ಕೀಳಬೇಡಿ. ಅದು ಈಗ ನಿಮ್ಮದು. ಪಕ್ಕದಲ್ಲಿ ಎರಡು ತೊಗರಿ ಕಾಳು ಊರಿ.